ಈಶಪ್ಪನ ಐದು ನಿಮಿಷದ ಪಾಳಿ

ಕಾಲುವೆಯ ಬಾಲದಲ್ಲಿ, ಅಂದರೆ ನೀರು ಎಲ್ಲರಿಗಿಂತ ಕಡೆಗೆ ಮುಟ್ಟುವ ಊರಿನಲ್ಲಿ, ಹುಟ್ಟಿದವನಿಗೆ ಎರಡು ವಿದ್ಯೆಗಳು ತೊಟ್ಟಿಲಲ್ಲಿಯೇ ಬರುತ್ತವೆ. ಒಂದು, ಕಾಯುವುದು; ಇನ್ನೊಂದು, ಕಾಯುತ್ತ ಕುಳಿತಾಗ ಮೇಲಿನ ಊರಿನವರನ್ನು ಬೈಯುವುದು. ಕರಿಗುಡ್ಡದ ಈಶಪ್ಪ ಎರಡರಲ್ಲಿಯೂ ಪಾರಂಗತನಾಗಿದ್ದ. ಮೂರನೆಯ ವಿದ್ಯೆಯಾದ ಇಂಗ್ಲಿಷು ಮಾತ್ರ, ಎಡದಂಡೆ ಕಾಲುವೆಯ ನೀರಿನಂತೆಯೇ, ಅವನ ಊರಿನ ತನಕ ಇನ್ನೂ ಬಂದು ಮುಟ್ಟಿರಲಿಲ್ಲ.

ಶಹಾಪುರದ ಕಾಲೇಜಿನಲ್ಲಿ ಬಿ.ಎ. ಕಡೆಯ ವರ್ಷದ ಇಂಗ್ಲಿಷಿನಲ್ಲಿ ಅವನು ಎರಡು ಸಲ ಫೇಲಾಗಿದ್ದ. ಎರಡು ಸಲವೂ ಪರೀಕ್ಷೆಯ ಹೊಳೆಯನ್ನು ಹೇಗೋ ಈಜಿ ದಾಟಿ, ಆಂತರಿಕ ಅಂಕಗಳೆಂಬ ಮೊಣಕಾಲುದ್ದದ ಹಳ್ಳದಲ್ಲಿ ಮುಳುಗಿದ್ದ. ಮೂರನೆಯ ಸಲಕ್ಕೆ ಅವನ ಸೋದರಮಾವ ಖಂಡಪ್ಪ ಗಡುವು ಹಾಕಿದ. ಖಂಡಪ್ಪನಿಗೆ ಊರಲ್ಲಿ ಕಿರಾಣಿ ಅಂಗಡಿಯಿತ್ತು. ಈಶಪ್ಪನ ತಂದೆ ತೀರಿಕೊಂಡ ಮೇಲೆ ಆ ಮನೆಯ ಮಾತೆಲ್ಲ ಅಂಗಡಿಯ ಕಟ್ಟೆಯ ಮೇಲೆಯೇ ತೀರ್ಮಾನವಾಗುತ್ತಿತ್ತು.

"ಮೂರು ಸಲ ಬಿತ್ತಿದ್ರೂ ನಾಟಲಾರದ ಹೊಲಾನ ಬೀಳು ಬಿಡ್ತಾರ ಅಳಿಯಾ," ಎಂದ ಖಂಡಪ್ಪ. "ಈ ಸಲ ಪಾಸಾದ್ರ ಮುಂದ ಓದು, ಮಾಸ್ತರ ಆಗು, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಂದ್ರ ಬಂದು ಅಂಗಡ್ಯಾಗ ತಕ್ಕಡಿ ಹಿಡಿ. ನನ್ನ ರಟ್ಟಿ ನೋಯಾಕತ್ತ್ಯಾವ."

ಮಾಸ್ತರನಾಗುವ ಕನಸು ಕಂಡವನಿಗೆ ತಕ್ಕಡಿಯೆಂದರೆ ನೇಣುಗಂಬ. ಈಶಪ್ಪ ಹಲ್ಲು ಕಚ್ಚಿ ನಿರ್ಧರಿಸಿದ.

ಆ ವರ್ಷ ಇಂಗ್ಲಿಷ್ ಕಲಿಸಲು ಬಂದವರು ಪಾರ್ವತೆಮ್ಮ ಮೇಡಂ. ಯಾದಗಿರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ತರಗತಿಯಲ್ಲಿಯೂ ನಿಂತುಕೊಂಡೇ ಪಾಠ ಹೇಳಿ, ನಿಂತುಕೊಂಡೇ ಊರಿಗೆ ಮರಳುತ್ತಿದ್ದ ಹೆಣ್ಣುಮಗಳು. ಭಾಷೆಯನ್ನು ಒಬ್ಬರೇ ಮೂಲೆಯಲ್ಲಿ ಕುಳಿತು ಬಾಯಿಪಾಠ ಮಾಡಲಾಗದು, ನಾಲ್ವರು ಕೂಡಿ ದುಡಿದೇ ಕಲಿಯಬೇಕು ಎಂಬುದು ಅವರ ಸಿದ್ಧಾಂತ.

"ನಾಕ್ನಾಕು ಮಂದಿ ಗುಂಪಾಗ್ರಿ," ಎಂದರು. "ನಿಮ್ಮ ಸೀಮಿ ಒಳಗಿಂದೇ ಒಂದು ವಿಷಯ ತಗೋರಿ. ಹೋಗ್ರಿ, ಮಂದೀನ ಕೇಳ್ರಿ, ಕಣ್ಣಾರೆ ನೋಡ್ರಿ, ಬರೀರಿ. ಆಮ್ಯಾಲ ಎಲ್ಲಾರ ಮುಂದ ನಿಂತು ಇಂಗ್ಲಿಷಿನ್ಯಾಗ ಹೇಳ್ರಿ. ಗುಂಪಿಗೆ ಇಪ್ಪತ್ತು ನಿಮಿಷ, ತಲಿಗೆ ಐದು. ಬಾಯಿ ಬಿಡಲಾರದವ್ರಿಗೆ ಇಪ್ಪತ್ತು ಅಂಕದಾಗ ಒಂದೂ ಇಲ್ಲ. ಗುಡ್ ಮಾರ್ನಿಂಗ್ ಅಂದು ಕುಂತ್ರ ಅದು ಮಾತಲ್ಲ. ಹೊತ್ತು ಮೀರಿದ್ರೂ ಅಂಕ ಕಡೀತೀನಿ."

ಚೀಟಿ ಎತ್ತಿ ಗುಂಪು ಮಾಡಲಾಯಿತು. ಈಶಪ್ಪನಿಗೆ ಮೂವರು ಜೊತೆಯಾದರು. ಸುರಪುರದ ಮಲ್ಲಿಕಮ್ಮ, ಕೇಳಿದ್ದನ್ನೆಲ್ಲ ಉದ್ದನೆಯ ನೋಟಬುಕ್ಕಿನಲ್ಲಿ ಬರೆದುಕೊಳ್ಳುವವಳು. ಶಹಾಪುರದ ದರ್ಜಿ ಮನೆತನದ ಲಾಡ್ಲೇಸಾಬ, ನಾಲ್ಕು ಜನರ ಮುಂದೆ ನಿಂತರೆ ಕುಳಿತುಕೊಳ್ಳಲು ಜಾಗ ಹುಡುಕುವಂಥವನು. ಇನ್ನೊಬ್ಬ ನೀಲಗಲ್ಲಿನ ಹಂಪಣ್ಣ. ಕರಿಗುಡ್ಡ ಯಾವ ಉಪಕಾಲುವೆಯ ಬಾಲದಲ್ಲಿತ್ತೋ, ಅದೇ ಉಪಕಾಲುವೆಯ ಬಾಯಲ್ಲಿ ನೀಲಗಲ್ಲಿತ್ತು. ಹಂಪಣ್ಣನ ತಂದೆಯ ಗದ್ದೆಯಲ್ಲಿ ಭತ್ತ ಎರಡು ಬೆಳೆ ಬರುತ್ತಿತ್ತು. ಈಶಪ್ಪನ ಹೊಲದಲ್ಲಿ ಮೆಣಸಿನ ಗಿಡ ಎರಡು ಸಲ ಒಣಗುತ್ತಿತ್ತು. ಹಂಪಣ್ಣ ಹತ್ತನೆಯ ತನಕ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದರಿಂದ ಅವನ ಇಂಗ್ಲಿಷು ಕೂಡ ಅವರಪ್ಪನ ಗದ್ದೆಯ ನೀರಿನಂತೆ, ಬೇಕಿರಲಿ ಬೇಡವಾಗಿರಲಿ, ಹರಿದೇ ಇರುತ್ತಿತ್ತು.

ಇಂಥ ನಾಲ್ವರು ಕೂಡಿದ ಮೇಲೆ ವಿಷಯ ಹುಡುಕಬೇಕಾಗಲಿಲ್ಲ. ಉಪಕಾಲುವೆಯ ನೀರು ಊರುಗಳಿಗೆ ಹಂಚಿಕೆಯಾಗುವ ಬಗೆಯನ್ನೇ ತೆಗೆದುಕೊಂಡರು.

ಈಶಪ್ಪ ಆ ಸಂಜೆ ಮನೆಗೆ ಹೋಗಿ, ಕಾಲೇಜಿನ ದೊಡ್ಡ ಸಭೆಯಲ್ಲಿ ತಾನು ಇಂಗ್ಲಿಷಿನಲ್ಲಿ ಭಾಷಣ ಮಾಡಲಿರುವುದಾಗಿ ತಾಯಿ ಬಸ್ಸಮ್ಮನಿಗೆ ತಿಳಿಸಿದ. ಹಂಚಿನ ಮೇಲಿನ ರೊಟ್ಟಿ ಹೊತ್ತುವುದನ್ನೂ ಮರೆತು ಬಸ್ಸಮ್ಮ ತಿಂಥಣಿಯ ಮೌನಪ್ಪಯ್ಯನಿಗೆ ಐದು ಕಾಯಿ ಹರಕೆ ಹೊತ್ತಳು. ಮಾತಿನ ಕೆಲಸಕ್ಕೆ ಮೌನಪ್ಪಯ್ಯನನ್ನು ಕರೆಯುವುದು ಎಷ್ಟರಮಟ್ಟಿಗೆ ಸರಿಯೆಂದು ಖಂಡಪ್ಪ ಒಂದು ಸಂದೇಹ ಎತ್ತಿದನಾದರೂ ಕಾಯಿಗಳನ್ನು ತನ್ನ ಅಂಗಡಿಯಿಂದಲೇ ಕೊಟ್ಟ.

ಸಂಶೋಧನೆ ಸೋಮವಾರ ಆರಂಭವಾಯಿತು. ನಾಲ್ವರೂ ಲಸ್ಕರ್ ಅಯ್ಯಣ್ಣನನ್ನು ಹುಡುಕಿಕೊಂಡು ನೀಲಗಲ್ಲಿನ ಗೇಟಿಗೆ ಹೋದರು. ಕಾಲುವೆಯ ಗೇಟುಗಳನ್ನು ತೆರೆದು ಮುಚ್ಚುವುದು ಅಯ್ಯಣ್ಣನ ನೌಕರಿ. ಗೇಟು ತಿರುವುವ ಕಬ್ಬಿಣದ ಹಿಡಿಕೆಯನ್ನು ಹೆಗಲ ಮೇಲಿಟ್ಟುಕೊಂಡೇ ಆತ ತಿರುಗುತ್ತಿದ್ದ.

"ಯಾವ ಊರಿಗೆ ಎಷ್ಟು ತಾಸು ನೀರು ಅಂತ ಹೆಂಗ ಗೊತ್ತಾಗ್ತದ್ರಿ?" ಎಂದು ಮಲ್ಲಿಕಮ್ಮ ಕೇಳಿದಳು.

"ತಗಡಿನ ಮ್ಯಾಲ ಪಾಳಿ ಬರದಾರ, ನೋಡವ್ವ." ಗೇಟಿನ ಪಕ್ಕದ ಕಂಬಕ್ಕೆ ಹೊಡೆದಿದ್ದ ತಗಡಿನ ಹಲಗೆಯನ್ನು ಅಯ್ಯಣ್ಣ ತೋರಿಸಿದ.

"ಅದರಂಗೇ ನೀರು ಹೋಗ್ತದೇನ್ರಿ?"

"ತಗಡಿನ ಮ್ಯಾಲ ಅದರಂಗೇ ಹೋಗ್ತದ."

ಮಲ್ಲಿಕಮ್ಮ ಬರೆದುಕೊಂಡಳು. ಹಂಪಣ್ಣ ಆಕಾಶದಲ್ಲಿ ಏನನ್ನೋ ಗಮನಿಸತೊಡಗಿದ.

"ಒಬ್ಬರ ಪಾಳಿ ಇನ್ನೊಬ್ಬರಿಗೆ ಕೊಡಾಕ ಬರ್ತದೇನ್ರಿ ಚಾಚಾ?" ಎಂದ ಲಾಡ್ಲೇಸಾಬ.

"ಬರ್ತದ. ಕೊಟ್ಟಿದ್ದು ಮ್ಯಾಲಿನವ್ರಿಗಿ ಹೋಗ್ತದ. ತಿರುಗಿ ಕೆಳಗ ಬಂದಿದ್ದು ನಾ ಅಂತೂ ನೋಡಿಲ್ಲ."

"ಮತ್ತ ಕಡೀ ಊರಿನವ್ರು ಏನ್ ಮಾಡ್ತಾರ್ರಿ?"

"ಪಾಳಿ ಕಾಯ್ತಾರ. ತಮ್ಮ ಪಾಳಿ ಬಂದಾಗ ಮ್ಯಾಲಿನ ಗೇಟಿಗೆ ಇಬ್ಬಿಬ್ಬರು ಬಂದು ಕಂಬಳಿ ಹಾಸಿ ಕುಂಡ್ರತಾರ. ಬಡಿಯಂಗಿಲ್ಲ, ಬೈಯಂಗಿಲ್ಲ. ಸುಮ್ನ ಮಾರಿ ನೋಡಿಕೋತ ಬುತ್ತಿ ಉಣ್ತಾರ. ಕಾಯೋ ಮನುಷ್ಯಾ ಕಣ್ಣ ಮುಂದ ಕುಂತ್ರ ಎಂಥಾವನಿಗೂ ಕದಿಯಾಕ ನಾಚಿಕಿ ಬರ್ತದ. ಇವನಪ್ಪ," ಎಂದು ಅಯ್ಯಣ್ಣ ಈಶಪ್ಪನ ಕಡೆ ಹಿಡಿಕೆ ತೋರಿಸಿದ, "ಇದೇ ಕಟ್ಟಿ ಮ್ಯಾಲ ಹನ್ನೆರಡು ವರ್ಷ ಕುಂತಾನ."

ಸಂಶೋಧನೆ ಇಲ್ಲಿಗೆ ಮುಗಿದಿದ್ದರೆ ಈ ಕಥೆಯೂ ಮುಗಿಯುತ್ತಿತ್ತು. ಆದರೆ ಕಾಲುವೆಯ ಏರಿಯ ಮೇಲೆ ಕುಳಿತು, ಸಭೆಯಲ್ಲಿ ಯಾರ ಹಿಂದೆ ಯಾರು ಮಾತನಾಡಬೇಕೆಂದು ಚರ್ಚಿಸುವಾಗ, ಈ ಭೂಮಂಡಲದ ಬೇರೆ ಯಾವ ಕಾಲೇಜಿನ ವಿದ್ಯಾರ್ಥಿಯೂ ಮಾಡಲಾರದ ತಪ್ಪನ್ನು ಈಶಪ್ಪ ಮಾಡಿದ.

"ಅದಕ್ಯಾಕ ಇಷ್ಟು ವಿಚಾರ?" ಎಂದ. "ಈಗಷ್ಟೇ ಬರಕೊಂಡು ಬಂದೀವಲ್ಲ. ನೀರು ಹೆಂಗ ಬರ್ತದೋ ಹಂಗೇ ಪಾಳಿ ಹಚ್ಚೋಣ. ಮೊದಲ ನೀಲಗಲ್ ಹಂಪಣ್ಣ. ಆಮ್ಯಾಲ ಸುರಪುರ, ಮಲ್ಲಿಕಮ್ಮ. ಆಮ್ಯಾಲ ಶಹಾಪುರ, ಲಾಡ್ಲೇಸಾಬ. ಕಡೀಗಿ ಕರಿಗುಡ್ಡ."

ತನ್ನ ಕೈಯಾರೆ, ತನ್ನ ಪೆನ್ನಿನಿಂದ, ತನ್ನ ಹೆಸರನ್ನು ಕೊನೆಗೆ ಬರೆದ. ಬಾಲದಲ್ಲಿ ಬೆಳೆದವನಿಗೆ ಬಾಲವೇ ತನ್ನ ಜಾಗವೆಂದು ತೋರುವುದು ಸಹಜ. ಹಂಪಣ್ಣ ಅವನ ಬೆನ್ನು ತಟ್ಟಿ, "ನಿನ್ನಂಗ ನ್ಯಾಯ ತಿಳದಾಂವ ಇನ್ನೊಬ್ಬ ಇಲ್ಲಲೇ ಈಶ್ಯಾ," ಎಂದ.

ಮೊದಲ ತಾಲೀಮು ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಜರುಗಿತು. ಮಲ್ಲಿಕಮ್ಮ ಕೈಗಡಿಯಾರ ಬಿಚ್ಚಿ ಕಲ್ಲಿನ ಮೇಲಿಟ್ಟಳು. ಹಂಪಣ್ಣ ಹನ್ನೊಂದು ನಿಮಿಷ ಹರಿದ. ಮಲ್ಲಿಕಮ್ಮ ಸರಿಯಾಗಿ ಐದು. ಲಾಡ್ಲೇಸಾಬ ತಡವರಿಸುತ್ತ ನಾಲ್ಕು. ಈಶಪ್ಪ ಎದ್ದು ಅಂಗಿ ಸರಿಮಾಡಿಕೊಂಡು ಎಲ್ಲರಿಗೂ ಶುಭಮುಂಜಾನೆ ಕೋರುವಷ್ಟರಲ್ಲಿ ಇಪ್ಪತ್ತು ನಿಮಿಷ ತೀರಿತ್ತು.

ಎರಡನೆಯ ತಾಲೀಮಿನಲ್ಲಿ ಹಂಪಣ್ಣ ಹದಿಮೂರಕ್ಕೆ ಏರಿದ. ಲಾಡ್ಲೇಸಾಬ ಎರಡೇ ನಿಮಿಷಕ್ಕೆ ಕುಳಿತುಬಿಟ್ಟ. ಮಲ್ಲಿಕಮ್ಮ ಐದು ಮುಗಿಸಿದಳು. ಲೆಕ್ಕದ ಪ್ರಕಾರ ಸಮಾ ಇಪ್ಪತ್ತು. ಈ ಸಲ ಶುಭಮುಂಜಾನೆಗೂ ಜಾಗವಿರಲಿಲ್ಲ.

"ಹಂಪಣ್ಣ ಮೂರು ನಿಮಿಷ ಹೆಚ್ಚಿಗಿ ತಗೊಂಡಿದ್ದು ನಾ ಕೊಟ್ಟಿದ್ದು, ಯಾರ್," ಎಂದು ಲಾಡ್ಲೇಸಾಬ ತಪ್ಪೊಪ್ಪಿಕೊಂಡ. "ಅವ ನನ್ನ ಭಾಷಣ ಬರದು ಕೊಟ್ಟಾನ. ನನಗ ಎರಡು ನಿಮಿಷ ನಿಲ್ಲೋದೇ ಭಾಳ ಆಗ್ಯಾದ."

"ಕೊಡಾಕ ಅದೇನು ನಿಮ್ಮಪ್ಪನ ನಿಮಿಷೇನು?"

"ನನ್ನ ಪಾಳಿ ನನ್ನದಲ್ಲೇನು? ಪಾಳಿ ಹಚ್ಚಿದಾಂವ ನೀನೇ."

"ಉಳಿದ ಐದು?" ಎಂದು ಈಶಪ್ಪ ಹಂಪಣ್ಣನ ಕಡೆ ತಿರುಗಿದ.

"ಅದು ಹೆಂಗ ಹೋಯಿತೋ ನನಗೂ ಗೊತ್ತಿಲ್ಲಲೇ," ಎಂದ ಹಂಪಣ್ಣ, ಅವರಪ್ಪ ಪ್ರತಿವರ್ಷ ಹೇಳುವ ದನಿಯಲ್ಲಿಯೇ. "ಹರಿಯೋದು ಹರೀತದ."

ಬಾಲದವರಿಗೆ ಅನ್ಯಾಯವಾದಾಗ ಮಾಡುವ ಕೆಲಸ ಒಂದೇ. ಈಶಪ್ಪ ಮನವಿಪತ್ರ ಬರೆದ. ಕಾಲುವೆಯ ಕಚೇರಿಗೆ ಅವನ ತಂದೆ ಬರೆಸುತ್ತಿದ್ದ ಅರ್ಜಿಗಳ ಮಾದರಿಯೇ ಅವನಿಗೆ ಗೊತ್ತಿದ್ದುದರಿಂದ, ಅದರ ವಿಷಯ ಹೀಗಿತ್ತು: "ಬಾಲದ ವಿದ್ಯಾರ್ಥಿಗೆ ಪಾಳಿಯ ಪ್ರಕಾರ ಮಾತು ತಲುಪದೆ ಇರುವ ಕುರಿತು." ಮೇಲಿನವರು ಹೆಚ್ಚುವರಿ ಮಾತನ್ನು ಅಕ್ರಮವಾಗಿ ಬಳಸುತ್ತಿರುವುದು, ಮಧ್ಯದವರು ತಮ್ಮ ಪಾಲನ್ನು ಮೇಲಕ್ಕೆ ಬಿಟ್ಟುಕೊಟ್ಟಿರುವುದು, ಅರ್ಜಿದಾರನ ಬಾಯಿ ಪೂರ್ತಿ ಒಣಗಿರುವುದು, ಎಲ್ಲವೂ ಅದರಲ್ಲಿ ಸವಿಸ್ತಾರವಾಗಿ ಬಂದಿದ್ದವು.

ಪಾರ್ವತೆಮ್ಮ ಮೇಡಂ ಎರಡು ಸಲ ಓದಿದರು. ನಗು ಬಂದದ್ದನ್ನು ಸೆರಗಿನಲ್ಲಿ ಮರೆಮಾಡಿದರು.

"ಭಾಳ ಚಂದ ಬರದೀ ಈಶಪ್ಪ. ಇದನ್ನೇ ಇಂಗ್ಲಿಷಿನ್ಯಾಗ ಹೇಳಿದ್ರ ನಿನ್ನ ಐದು ನಿಮಿಷ ಆಗಿಹೋಗ್ತಿತ್ತು."

"ಮೇಡಂ, ನೀವು ಒಂದು ಮಾತು ಹಂಪಣ್ಣಗ ಹೇಳಿದ್ರ..."

"ನಾ ಹೇಳಂಗಿಲ್ಲ. ಗುಂಪಿನ ಜಗಳ ಗುಂಪಿನಾಗೇ ಬಗಿಹರೀಬೇಕು. ಕಲಿಯೋದು ಅಂದ್ರ ಅದೇ."

ಕಾಲುವೆಯ ಕಚೇರಿಯೂ ಅವನ ತಂದೆಗೆ ಅದನ್ನೇ ಹೇಳಿತ್ತು. ಈಶಪ್ಪ ಮನವಿಪತ್ರದ ನಕಲನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದ.

ಬಸ್ಸಮ್ಮ ಮಗನ ಮುಖ ನೋಡಿಯೇ ಅಂಗಡಿಗೆ ಕರೆದೊಯ್ದಳು. ಖಂಡಪ್ಪ ಬೆಲ್ಲ ತೂಗುತ್ತಿದ್ದ. ಕಥೆ ಕೇಳುತ್ತ ಕೇಳುತ್ತ ಅವನ ಕೈಯಲ್ಲಿನ ತಕ್ಕಡಿ ಒಂದು ಕಡೆಗೆ ವಾಲಿತು.

"ಯಾರು? ನೀಲಗಲ್ ಹಂಪಣ್ಣೇನು? ಅವರಪ್ಪ ನಮ್ಮ ಮೆಣಸಿನಕಾಯಿ ಒಣಗಿಸಿದ. ಈಗ ಮಗ ನಮ್ಮ ಹುಡುಗನ ನಾಲಿಗಿ ಒಣಗಿಸಾಕತ್ತಾನೇನು?"

"ಮಾವ, ಇದು ನೀರಲ್ರಿ. ಇಂಗ್ಲಿಷ್."

"ನೀರಿರಲಿ, ಇಂಗ್ಲಿಷಿರಲಿ. ಪಾಳಿ ಅಂದ್ರ ಪಾಳಿ."

ಬೆಲ್ಲ ಕೊಳ್ಳಲು ಬಂದಿದ್ದ ನೆರೆಮನೆಯ ಬಾಲಮ್ಮ ಬೆಲ್ಲವನ್ನು ಅಲ್ಲಿಯೇ ಬಿಟ್ಟು ಸುದ್ದಿಯನ್ನು ಮಾತ್ರ ಕೊಂಡುಹೋದಳು. ಅವಳ ಬಾಗಿಲು ದಾಟುವಾಗ ಐದು ನಿಮಿಷವಾಗಿದ್ದದ್ದು ಗುಡಿಕಟ್ಟೆ ಮುಟ್ಟುವಾಗ ಐದು ತಾಸಾಗಿತ್ತು; ಊರಿನ ಆ ತುದಿಯಲ್ಲಿ, ನೀಲಗಲ್ಲಿನವರು ಈಶಪ್ಪನ ಐದು ಎಕರೆಯನ್ನೇ ನುಂಗಿದರೆಂದು ಹೆಂಗಸರು ಹಣೆ ಬಡಿದುಕೊಂಡರು. ಇಪ್ಪತ್ತು ವರ್ಷದಿಂದ ಒಣಗಿದ್ದ ಊರು ಒಂದೇ ಸಂಜೆಯಲ್ಲಿ ಹಸಿರಾಯಿತು. ಅಯ್ಯಣ್ಣನಿಗೂ ಹೇಳಿಕಳಿಸಿದರು: ಪಾಳಿ ಕಾಯುವಾಗ ಸರಕಾರದ ಮನುಷ್ಯ ಇರಬೇಕು, ಇಲ್ಲವಾದರೆ ಅದು ಜಗಳವೆನಿಸಿಕೊಳ್ಳುತ್ತದೆ.

ಸಂಶೋಧನೆ ಶುರುವಾದ ಎರಡು ವಾರಕ್ಕೆ, ಭಾಷಣದ ದಿನವಾದ ಬುಧವಾರ ಮುಂಜಾನೆ ಹತ್ತು ಗಂಟೆಗೆ ಕಾಲೇಜಿನ ಅಂಗಳದಲ್ಲಿ ಒಂದು ಟ್ರ್ಯಾಕ್ಟರು ನಿಂತಿತು. ಕಂಬಳಿ, ಬುತ್ತಿಗಂಟು ಸಮೇತ ಹದಿನಾಲ್ಕು ಜನ ಇಳಿದರು. ಪ್ರಾಂಶುಪಾಲ ಭಗವಂತರಾಯರು ಕಿಟಕಿಯಿಂದ ಕಂಬಳಿಗಳನ್ನು ನೋಡಿ, ಇದು ಅಹೋರಾತ್ರಿ ಧರಣಿಯೇ ಸರಿ ಎಂದು ತಿಳಿದು, ನೀರಿನ ಕೊಡ ಹಿಡಿಸಿಕೊಂಡು ತಾವೇ ಹೊರಗೆ ಬಂದರು.

"ಬರ್ರಿ, ಕುಂಡ್ರಿ. ಬೇಡಿಕಿ ಏನದ ಹೇಳ್ರಿ. ಶಾಂತಿಯಿಂದ ಮಾತಾಡೋಣ."

"ಐದು ನಿಮಿಷ ಬೇಕ್ರಿ," ಎಂದ ಖಂಡಪ್ಪ.

"ಮಾತಾಡಾಕ ಐದು ನಿಮಿಷ. ಸರಿ. ಬೇಡಿಕಿ?"

"ಅದೇ ಬೇಡಿಕಿ ಸಾಹೇಬ್ರ."

ಭಗವಂತರಾಯರು ತಮ್ಮ ಸೇವಾವಧಿಯಲ್ಲಿ ಬಸ್ಸು ಬೇಡಿದವರನ್ನು, ಹಾಸ್ಟೆಲು ಬೇಡಿದವರನ್ನು ಕಂಡಿದ್ದರು. ಇಷ್ಟು ಅಗ್ಗದ ಬೇಡಿಕೆಯನ್ನು ಕಂಡಿರಲಿಲ್ಲ. "ಐದ್ಯಾಕ, ಹತ್ತು ತಗೋರಿ," ಎಂದರು.

"ಬ್ಯಾಡ್ರಿ. ಮಂದಿದು ನಮಗ ಬ್ಯಾಡ. ನಮ್ಮ ಪಾಲಿಂದಷ್ಟೇ ಸಾಕು."

ಹದಿನಾಲ್ಕು ಜನ ತರಗತಿಗೆ ಬಂದು ಪಾಳಿಯ ಪದ್ಧತಿಯಂತೆ ಹಂಚಿಹೋದರು. ಮಾತನಾಡುವವರ ಜಾಗದ ಮುಂದೆ ಕಂಬಳಿ ಹಾಸಿ ಇಬ್ಬರು ಕುಳಿತರು. ಉಳಿದವರು ಹಿಂದಿನ ಬೆಂಚು ಹಿಡಿದರು. ಅಯ್ಯಣ್ಣ ಖಾಕಿ ಅಂಗಿ ತೊಟ್ಟು, ಹಿಡಿಕೆಯನ್ನು ನೆಲಕ್ಕೂರಿ, ಗೋಡೆಗಡಿಯಾರದ ಕೆಳಗೆ ನಿಂತ. ಪಾರ್ವತೆಮ್ಮ ಮೇಡಂ ಒಮ್ಮೆ ಕಂಬಳಿಯನ್ನು, ಒಮ್ಮೆ ಹಿಡಿಕೆಯನ್ನು ನೋಡಿದರು. ಗುಂಪಿನ ಜಗಳ ಗುಂಪಿನಲ್ಲಿಯೇ ಬಗೆಹರಿಯಬೇಕೆಂದವರು ತಾವೇ. ಗುಂಪು ಸ್ವಲ್ಪ ದೊಡ್ಡದಾಗಿತ್ತು, ಅಷ್ಟೆ.

ಹಂಪಣ್ಣ ಆರಂಭಿಸಿದ. ಆಣೆಕಟ್ಟು, ಎತ್ತರ, ಅಗಲ, ಎಕರೆ, ಎಲ್ಲವೂ ನಿರರ್ಗಳವಾಗಿ ಹರಿದವು. ಐದನೆಯ ನಿಮಿಷಕ್ಕೆ ಸರಿಯಾಗಿ ಹಿಡಿಕೆ ನೆಲಕ್ಕೆ ಬಡಿಯಿತು.

"ನೀಲಗಲ್ ಬಂದ್," ಎಂದ ಅಯ್ಯಣ್ಣ.

"ಓನ್ಲಿ ಒನ್ ಮೋರ್ ಪಾಯಿಂಟ್," ಎಂದ ಹಂಪಣ್ಣ.

ಕಂಬಳಿಯ ಮೇಲಿನ ಇಬ್ಬರು ತಲೆಯೆತ್ತಿ ಅವನ ಮುಖ ನೋಡಿದರು. ಒಬ್ಬ ಬುತ್ತಿಯ ಗಂಟು ಬಿಚ್ಚಿದ. ಹಂಪಣ್ಣನ ಆ ಒಂದು ಅಂಶ ಗಂಟಲಲ್ಲಿಯೇ ಉಳಿಯಿತು.

ಮಲ್ಲಿಕಮ್ಮ ಐದು ನಿಮಿಷಕ್ಕೆ ಒಂದು ಉಸಿರು ಹೆಚ್ಚಿಲ್ಲದಂತೆ, ಕಡಿಮೆಯಿಲ್ಲದಂತೆ ಮುಗಿಸಿದಳು. ಲಾಡ್ಲೇಸಾಬ ಎದ್ದಾಗ ಕಂಬಳಿಯವನು ಕರುಣೆಯಿಂದ, "ಬಾಯಿ ಒಣಗ್ಯಾದ ನೋಡು ತಮ್ಮಾ, ಒಂದು ತುತ್ತು ಉಣ್ಣು," ಎಂದು ರೊಟ್ಟಿ ಚಾಚಿದ. ಅದರಿಂದ ಇನ್ನಷ್ಟು ಗಾಬರಿಗೊಂಡ ಲಾಡ್ಲೇಸಾಬ ಐದು ನಿಮಿಷದ ಭಾಷಣವನ್ನು ಎರಡೇ ನಿಮಿಷದಲ್ಲಿ ಓಡಿಸಿ ಕುಳಿತ.

ಅಯ್ಯಣ್ಣ ಗಡಿಯಾರ ನೋಡಿದ. "ಶಹಾಪುರದ್ದು ಮೂರು ಉಳದಾವ. ಕೆಳಗ ಬಿಡಾಕತ್ತೇನಿ."

ಹಿಂದಿನ ಬೆಂಚಿನಲ್ಲಿ ನಿಟ್ಟುಸಿರೊಂದು ಹೊರಟಿತು. ಮೇಲಿನವರ ಮಿಕ್ಕಿದ್ದು ಕರಿಗುಡ್ಡಕ್ಕೆ ಬಂದದ್ದು ಅದೇ ಮೊದಲು.

ಈಶಪ್ಪ ಎದ್ದು ನಿಂತ. ಐದು ಬೇಡಿದವನಿಗೆ ಎಂಟು ದೊರಕಿತ್ತು. ಎರಡು ವಾರ ಉರುಹೊಡೆದ ಭಾಷಣದ ಮೊದಲ ವಾಕ್ಯ ಬಂತು, ಎರಡನೆಯದು ಬಂತು, ಮೂರನೆಯದು ಬರಲಿಲ್ಲ. ಕಿಟಕಿಯಾಚೆ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡ ತನ್ನ ಪಾಡಿಗೆ ಮಲಗಿತ್ತು. ಹದಿನಾಲ್ಕು ಮುಖಗಳು ಅವನನ್ನೇ ನೋಡುತ್ತಿದ್ದವು. ಮುಂದಿನ ಬೆಂಚಿನಲ್ಲಿ ಹಂಪಣ್ಣ ಕಾಲಮೇಲೆ ಕಾಲು ಹಾಕಿದ.

"ಯಾಕ ನಿಂತಿ ಅಳಿಯಾ?" ಎಂದು ಖಂಡಪ್ಪ ಹಿಂದಿನಿಂದ ಕೇಳಿದ. "ನೀರು ಬಂದದ. ಮಡಿ ತಿರುವು."

ಈಶಪ್ಪನ ಕೈ ಜೇಬಿಗೆ ಹೋಯಿತು. ಬೆರಳಿಗೆ ಮನವಿಪತ್ರದ ನಕಲು ತಾಗಿತು. ಅದನ್ನು ಅವನು ಹೊರಗೆ ತೆಗೆಯಲಿಲ್ಲ, ಅದರ ಅಗತ್ಯವಿರಲಿಲ್ಲ. ಬೈಯುವ ವಿದ್ಯೆ ತೊಟ್ಟಿಲಿನಿಂದ ಬಂದದ್ದು. ಭಾಷೆ ಬದಲಾಯಿಸಿದರೆ ಸಾಕಿತ್ತು.

"ಮೇಡಂ," ಎಂದ, "ಮೈ ಕಂಪ್ಲೇಂಟ್ ಈಸ್ ದಿಸ್."

ಅಲ್ಲಿಂದ ಮುಂದೆ ವ್ಯಾಕರಣ ಅವನ ದಾರಿಯಿಂದ ಸರಿದು ನಿಂತಿತು. "ಆನ್ ದ ಬೋರ್ಡ್, ವಾಟರ್. ಇನ್ ದ ಫೀಲ್ಡ್, ಓನ್ಲಿ ಬೋರ್ಡ್." ತರಗತಿ ನಕ್ಕಿತು, ಮೇಡಂ ಕೂಡ. ತನ್ನಪ್ಪ ಹನ್ನೆರಡು ವರ್ಷ ಗೇಟಿನ ಕಟ್ಟೆಯ ಮೇಲೆ ಕುಳಿತದ್ದನ್ನು ಹೇಳಿದ. ಯಾವ ಊರಿಗೆ ಎಷ್ಟು ತಾಸು ಬರೆದಿದೆ, ಎಷ್ಟು ತಾಸು ಬರುತ್ತದೆ ಎಂಬುದನ್ನು ಹೇಳಿದ. ಕೊಟ್ಟದ್ದು ಮೇಲಕ್ಕೆ ಹೋಗುತ್ತದೆ, ತಿರುಗಿ ಬಾರದು ಎಂದ. ಹನ್ನೊಂದು ನಿಮಿಷ, ಹದಿಮೂರು ನಿಮಿಷಗಳ ಲೆಕ್ಕವನ್ನೂ ಒಪ್ಪಿಸಿದ.

"ಏನ್ ಹೇಳಾಕತ್ತಾನವ್ವ?" ಎಂದು ಖಂಡಪ್ಪ ಮಲ್ಲಿಕಮ್ಮನನ್ನು ಕೇಳಿದ.

"ನಿಮ್ಮ ಊರಿಂದೇ ಹೇಳಾಕತ್ತಾನ್ರಿ ಕಾಕಾ."

"ಮೆಣಸಿನಕಾಯಿದು ಬಂತೇನು?"

"ಇನ್ನೂ ಇಲ್ರಿ."

"ಅಳಿಯಾ, ಮೆಣಸಿನಕಾಯಿದು ಬಿಟ್ಟಿ ನೋಡು."

ಈಶಪ್ಪ ಮೆಣಸಿನಕಾಯಿಯನ್ನು ಇಂಗ್ಲಿಷಿಗೆ ತಂದ. ಹಿಂದಿನಿಂದ ಇನ್ನೊಬ್ಬ ಶೇಂಗಾದ ಮಾತು ತೆಗೆದ, ಅದನ್ನೂ ತಂದ. ಎಂಟು ನಿಮಿಷ ಕಳೆಯಿತು. ಒಂಬತ್ತಾಯಿತು. ಹನ್ನೊಂದಾಯಿತು. ಅಯ್ಯಣ್ಣ ಹಿಡಿಕೆಯನ್ನು ಎತ್ತುವುದೋ ಬಿಡುವುದೋ ತಿಳಿಯದೆ ನಿಂತ. ಕರಿಗುಡ್ಡದ ಗೇಟನ್ನು ಬಂದ್ ಮಾಡಬೇಕಾದ ಪ್ರಸಂಗ ಅವನ ನೌಕರಿಯಲ್ಲಿಯೇ ಬಂದಿರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಬಡಿದ.

"ಕರಿಗುಡ್ಡ ಬಂದ್."

"ಓನ್ಲಿ ಒನ್ ಮೋರ್ ಪಾಯಿಂಟ್," ಎಂದ ಈಶಪ್ಪ.

"ಮೇಡಂ, ನಮ್ಮ ಗುಂಪಿನ ಪಾಳಿ ಶುರುವಾಗಿ ಮೂರು ನಿಮಿಷ ಆತ್ರಿ," ಎಂದು ಮುದನಾಳದ ಸೂಗಮ್ಮ ಎದ್ದು ನಿಂತಳು. ಮುಂದಿನ ಗುಂಪಿನಲ್ಲಿ ಮೊದಲು ಮಾತನಾಡಬೇಕಾದವಳು ಅವಳು.

"ತಡಿಯವ್ವ ತಂಗಿ," ಎಂದ ಖಂಡಪ್ಪ. "ನೀರು ಈಗಷ್ಟೇ ಹತ್ತ್ಯಾದ."

ಹಂಪಣ್ಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಏನಲೇ ಈಶ್ಯಾ, ಹೆಂಗ ಹೋಗಾಕತ್ತ್ಯಾದ ನಿನಗೂ ಗೊತ್ತಾಗವಲ್ದೇನು?"

ಈಶಪ್ಪನಿಗೆ ಕೇಳಿಸಲಿಲ್ಲ. ಸೂಗಮ್ಮ ಒಂದು ಕ್ಷಣ ನೋಡಿದಳು. ಆಮೇಲೆ ಮುಂದೆ ಬಂದು, ಕಂಬಳಿಯ ಮೇಲೆ ಕುಳಿತಿದ್ದ ಇಬ್ಬರನ್ನು, "ಸ್ವಲ್ಪ ಸರೀರಿ ಕಾಕಾ," ಎಂದು ಸರಿಸಿ, ಅವರ ನಡುವೆ ಕುಳಿತು, ಬುತ್ತಿಯಿಂದ ಒಂದು ರೊಟ್ಟಿ ಮುರಿದುಕೊಂಡು ಈಶಪ್ಪನ ಮುಖವನ್ನೇ ನೋಡುತ್ತ ತಿನ್ನತೊಡಗಿದಳು.

ಈಶಪ್ಪನ ವಾಕ್ಯ ಅರ್ಧದಲ್ಲಿ ನಿಂತಿತು. ಮುಖ ಕೆಂಪಾಯಿತು. "ಥ್ಯಾಂಕ್ ಯೂ," ಎಂದು ಕೈ ಮುಗಿದು ಕುಳಿತ.

ಅಂಕಪಟ್ಟಿಯ ಚೀಟಿ ಶನಿವಾರ ಬಂತು. ಖಂಡಪ್ಪ ಅದನ್ನು ಅಂಗಡಿಯ ಕಟ್ಟೆಯ ಮೇಲೆ ಓದಿಸಿದ.

"ಹದಿನಾರು ಕೊಟ್ಟಾರ್ರಿ ಮಾವ. ಮ್ಯಾಲ ಎರಡು ಕಡದಾರ. ಹದಿನಾಕು. ಪಾಸಿಗೆ ಇಷ್ಟು ಸಾಕು."

"ಎರಡು ಯಾಕ ಕಡದಾರ?"

"'ತನ್ನ ಅವಧಿ ಮೀರಿ ಇತರರ ಸಮಯ ಬಳಸಿಕೊಂಡದ್ದಕ್ಕಾಗಿ' ಅಂತ ಬರದಾರ್ರಿ," ಎಂದ ಈಶಪ್ಪ ತಲೆ ತಗ್ಗಿಸಿ.

"ಇನ್ನೊಮ್ಮೆ ಓದು."

ಓದಿದ. ಮೂರನೆಯ ಸಲವೂ ಓದಿಸಿದ ಖಂಡಪ್ಪ ಮೆಲ್ಲಗೆ ಕೇಳಿದ: "ಕೆಳಗ ಸಹಿ ಅದ?"

"ಅದರಿ. ಕಾಲೇಜಿನ ದುಂಡನ್ನ ಶಿಕ್ಕಾನೂ ಹೊಡದಾರ."

ಪರೀಕ್ಷೆಯೂ ಕಳೆದು, ಈಶಪ್ಪ ಪಾಸಾಗಿ, ಮುಂದೆ ಓದಲು ಹೋದ. ಬಸ್ಸಮ್ಮ ತಿಂಥಣಿಗೆ ಹೋಗಿ ಐದು ಕಾಯಿಯ ಬದಲು ಎಂಟು ಒಡೆದು ಬಂದಳು. ತಕ್ಕಡಿಯನ್ನು ಈಗಲೂ ಖಂಡಪ್ಪನೇ ಹಿಡಿಯುತ್ತಾನೆ. ತಕ್ಕಡಿಯ ಹಿಂದಿನ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಕಟ್ಟು ಹಾಕಿಸಿದ ಆ ಚೀಟಿ ಇದೆ. ನೀಲಗಲ್ಲಿನವರು ಯಾರಾದರೂ ಬಂದರೆ ಅವರಿಗೆ ಕಾಣುವಂತೆ ಖಂಡಪ್ಪ ಸ್ವಲ್ಪ ಸರಿದು ನಿಲ್ಲುತ್ತಾನೆ. ಅದೇನೆಂದು ಅವರು ಕೇಳಿದರೆ ತೂಕದ ಕಲ್ಲು ಕೆಳಗಿಟ್ಟು ಹೇಳುತ್ತಾನೆ:

"ಕರಿಗುಡ್ಡದಾಂವ ಮಂದಿ ಪಾಳಿ ತಿಂದಾನ ಅಂತ ಬರದು ಶಿಕ್ಕಾ ಹೊಡದಾರ. ಹದಿನಾಕು ಅಂಕದಷ್ಟು ಶಾಣ್ಯಾ ಅಂತಲೂ ಬರದಾರ ಬಿಡ್ರಿ, ಅದು ಬ್ಯಾರೆ ಮಾತು."